ಕೋಡ್ ಬರೆದವರೇ ಬರೆದ ಡಾಕ್ಯುಮೆಂಟೇಶನ್ ಹೊಸಬರಿಗೆ ಯಾಕೆ ಅರ್ಥವಾಗುವುದಿಲ್ಲ?

ಬರೆದವರಿಗೆ ತಮಗೆ ಏನೇನು ಮೊದಲೇ ಗೊತ್ತಿದೆ ಅನ್ನುವುದು ಕಾಣುವುದೇ ಇಲ್ಲ, ಅದಕ್ಕೆ. ತಿಂಗಳುಗಟ್ಟಲೆ ಅದೇ ಪ್ರಾಜೆಕ್ಟ್‌ನಲ್ಲಿ ಮುಳುಗಿದವರ ಕಂಪ್ಯೂಟರ್‌ನಲ್ಲಿ ಬೇಕಾದ ಲೈಬ್ರರಿಗಳೆಲ್ಲ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಎಂದೋ ಇನ್‌ಸ್ಟಾಲ್ ಆಗಿರುತ್ತವೆ, ಡೇಟಾಬೇಸ್ ಓಡುತ್ತಿರುತ್ತದೆ, ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲ್ ಅದರ ಜಾಗದಲ್ಲಿ ಕೂತಿರುತ್ತದೆ. ಹಾಗಾಗಿ ರೀಡ್‌ಮಿಯಲ್ಲಿ, ಅಂದರೆ ಪ್ರಾಜೆಕ್ಟ್ ತೆರೆದ ಕೂಡಲೇ ಕಾಣುವ ಪರಿಚಯದ ಫೈಲಿನಲ್ಲಿ, ‘ಎನ್‌ಪಿಎಂ ಸ್ಟಾರ್ಟ್ ಕೊಡಿ’ ಎಂದು, ಪ್ರೋಗ್ರಾಂ ಶುರು ಮಾಡುವ ಕಮಾಂಡ್‌ನ ಒಂದೇ ಸಾಲು ಬರೆದು ಮುಗಿಸುತ್ತಾರೆ. ಹೊಸಬರು ಹಾಗೇ ಟೈಪ್ ಮಾಡಿದರೆ ಬರುವುದು ‘ಕಮಾಂಡ್ ನಾಟ್ ಫೌಂಡ್’. ಮೊದಲು ಆ ಕಮಾಂಡ್ ಓಡಲು ಬೇಕಾದ ನೋಡ್ ಜೆಎಸ್ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು, ಅದರಲ್ಲೂ ಯಾವ ವರ್ಷನ್ ಎಂಬ ಮಾತೇ ಎಲ್ಲೂ ಇರುವುದಿಲ್ಲ.

ಭಾಷೆ ತಿದ್ದುವ ಕೆಲಸ ಆಮೇಲೆ. ಮೊದಲು, ಏನೂ ಇನ್‌ಸ್ಟಾಲ್ ಆಗಿರದ ಹೊಸ ವರ್ಚುವಲ್ ಮಷಿನ್ (ನಿಮ್ಮ ಕಂಪ್ಯೂಟರ್‌ನೊಳಗೇ ಸಾಫ್ಟ್‌ವೇರ್‌ನಿಂದ ಓಡುವ ಇನ್ನೊಂದು ಕಂಪ್ಯೂಟರ್) ತೆರೆದು, ನೀವು ಬರೆದದ್ದನ್ನು ಒಂದೊಂದೇ ಕಮಾಂಡ್‌ನಂತೆ ಕಾಪಿ-ಪೇಸ್ಟ್ ಮಾಡಿ ನೋಡಿ. ನೆನಪಿನಿಂದ ಏನನ್ನೂ ಸೇರಿಸಬೇಡಿ (ಕೈ ತಡೆಯುವುದು ಕಷ್ಟವೇ!). ಎಲ್ಲಿ ಕೈಕೊಡುತ್ತದೋ ಅಲ್ಲೊಂದು ಹೆಜ್ಜೆ ಬಿಟ್ಟುಹೋಗಿದೆ ಎಂದರ್ಥ. ಪ್ರತಿ ಕಮಾಂಡ್‌ನ ಕೆಳಗೆ, ಸರಿಯಾಗಿ ಓಡಿದರೆ ಪರದೆಯ ಮೇಲೆ ಏನು ಬರುತ್ತದೆ ಎಂಬುದನ್ನೂ ಹಾಕಿ. ಇದನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಆದರೆ ತಾನು ಸರಿದಾರಿಯಲ್ಲಿದ್ದೇನೋ ಇಲ್ಲವೋ ಎಂದು ಓದುವವರಿಗೆ ತಿಳಿಯುವುದು ಅದರಿಂದಲೇ.