ಕಟ್ಟೆ ಬಿಡಿ, ಹಿನ್ನೀರಿಗೆ ನಡೆಯಿರಿ

ಪ್ರಶ್ನೆ: ಸಾರ್, ಡಿಸೆಂಬರ್ ರಜೆಯಲ್ಲಿ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಹೋಗೋಣ ಅಂದುಕೊಂಡಿದ್ದೇವೆ. ಮಾವನವರಿಗೆ ಗಾಳ ಹಾಕುವ ಹುಚ್ಚು, ಮಗಳಿಗೆ ಹಕ್ಕಿ ಹುಚ್ಚು. ಮಗನಿಗೆ ನೀರಿಗಿಳಿದರೆ ಸಾಕು. ಯಾವ ಹೊತ್ತಿಗೆ ಹೋಗಬೇಕು, ಎಲ್ಲಿ ಕೂರಬೇಕು, ಮೀನು ಹಿಡಿಯಲು ಯಾರನ್ನಾದರೂ ಕೇಳಬೇಕೆ?
– ಓದುಗರು, ಗುಬ್ಬಿ

ಉತ್ತರ: ಮೊದಲು ಮಗನ ವಿಷಯ ಮುಗಿಸೋಣ ತಾಯಿ. ನೀರಿಗೆ ಇಳಿಸಬೇಡಿ. ಅದರಲ್ಲೂ ಕಟ್ಟೆಯ ಕೆಳಗಿನ ಬಂಡೆಗಳ ಮೇಲೆ ಬಿಡಲೇಬೇಡಿ. ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಕಟ್ಟಿದ ಅಣೆಕಟ್ಟಿನ ವಿಶೇಷವೇ ಸೈಫನ್, ಅಂದರೆ ಹೆಚ್ಚಾದ ನೀರನ್ನು ತಾನೇ ಹೊರಹಾಕುವ ಕೊಳವೆ. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ ಅಯ್ಯರ್ ಅವರ ಹೆಸರು ಹೊತ್ತ ಏರ್ಪಾಡು ಅದು. ಗೇಟು ಎತ್ತುವವರು ಬೇಕಿಲ್ಲ. ನೀರು ತುಂಬಿ ಒಂದು ಮಟ್ಟ ದಾಟಿತೆಂದರೆ ಕೊಳವೆಯೊಳಗಿನ ಗಾಳಿಯನ್ನು ತಾನೇ ಎಳೆದುಕೊಂಡು ಹೋಗುತ್ತದೆ. ಆಮೇಲೆ ಪೂರ್ತಿ ರಭಸದಲ್ಲಿ ಹರಿಯಲು ಶುರು. ಈಗಷ್ಟೇ ಮೊಣಕಾಲುದ್ದ ಇದ್ದ ಹೊಳೆ ಸ್ವಲ್ಪ ಹೊತ್ತಿನಲ್ಲೇ ಏರುತ್ತದೆ. ಹಿಂಗಾರು ಮಳೆ ಚೆನ್ನಾಗಿ ಬಿದ್ದ ವರ್ಷವಂತೂ ಕೆಳಗಡೆ ಕಾಲಿಡುವ ಮಾತೇ ಬೇಡ. ಸೆಲ್ಫಿಗೂ ಬೇಡ.

ಇನ್ನು ನಿಮ್ಮ ಡಿಸೆಂಬರ್. ನನ್ನ ಮಾತು ಕೇಳುವುದಾದರೆ ಸಂಕ್ರಾಂತಿ ಕಳೆಯಲಿ. ಡಿಸೆಂಬರಿನಲ್ಲಿ ನೀರು ದಡದವರೆಗೆ ನಿಂತಿರುತ್ತದೆ, ಬಾತುಗಳು ನಡುನೀರಿನಲ್ಲಿ ಕರಿ ಚುಕ್ಕೆಗಳಾಗಿ ತೇಲುತ್ತವೆ. ಮಗಳಿಗೆ ಬೇಜಾರಾಗುತ್ತದೆ. ನಾಲೆಗೆ ನೀರು ಬಿಟ್ಟು ಮಟ್ಟ ಇಳಿಯುತ್ತಾ ಬಂದ ಹಾಗೆ ಹಿನ್ನೀರಿನ ಅಂಚಿನಲ್ಲಿ ಕೆಸರು ತೆರೆದುಕೊಳ್ಳುತ್ತದೆ. ಹುಳು, ಬಸವನಹುಳು, ಸಣ್ಣ ಮೀನು ಎಲ್ಲ ಆ ಗೇಣುದ್ದ ನೀರಿಗೆ ಸಿಕ್ಕಿಬೀಳುತ್ತವೆ. ಊಟ ಅಲ್ಲಿರುವಾಗ ಹಕ್ಕಿಗಳು ಕಟ್ಟೆಯ ಹತ್ತಿರ ಏಕೆ ಬರುತ್ತವೆ? ಬರುವವರೆಲ್ಲ ಕಟ್ಟೆ ಮೇಲೆ ಚುರುಮುರಿ ತಿಂದು, ‘ಒಂದು ಹಕ್ಕಿಯೂ ಇಲ್ಲ’ ಅಂತ ವಾಪಸು ಹೋಗುವುದನ್ನು ನಾನು ನೋಡಿದ್ದೇನೆ.

ಹಿನ್ನೀರಿನ ಪೂರ್ವದ ದಂಡೆಗೆ ಬೆಳಿಗ್ಗೆ ಏಳರೊಳಗೆ ಸೇರಿಕೊಳ್ಳಿ. ಬಿಸಿಲು ಬೆನ್ನಿಗೆ ಬಿದ್ದರೆ ಹಕ್ಕಿಯ ಬಣ್ಣ ಕಾಣುತ್ತದೆ, ಇಲ್ಲದಿದ್ದರೆ ಎಲ್ಲವೂ ನೀರುಕಾಗೆಯೇ. ನಾಮಕೋಳಿ, ಗುಳುಮುಳುಕ, ಬೆಳ್ಳಕ್ಕಿಗಳನ್ನು ಮಗಳು ಬೇಗ ಗುರುತು ಹಿಡಿದುಬಿಡುತ್ತಾಳೆ. ಕಪ್ಪು ಬಿಳುಪು ಮಿಂಚುಳ್ಳಿ ಕಂಡರೆ ಮಾತ್ರ ಕಣ್ಣು ಕೀಳಬೇಡ ಎಂದು ಹೇಳಿ. ನೀರಿನ ಮೇಲೆ ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತಾ ನಿಂತು, ತಲೆಕೆಳಗಾಗಿ ಧುಮುಕುತ್ತದೆ. ಪಟ್ಟೆತಲೆ ಹೆಬ್ಬಾತು ಸಿಕ್ಕರೆ ಅದೃಷ್ಟ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ನಮ್ಮ ಕೆರೆಗಳಿಗೆ ಬರುವ ಹಕ್ಕಿ, ಹಗಲೆಲ್ಲ ನೀರಲ್ಲಿ ತೂಕಡಿಸಿ ರಾತ್ರಿ ಗದ್ದೆಗೆ ಮೇಯಲು ಹೋಗುತ್ತದೆ. ಅಂಚಿನ ಕೆಸರು ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಂಡರೂ ಕೆಳಗೆ ಮೊಣಕಾಲುದ್ದ ಹೂತುಕೊಳ್ಳುತ್ತದೆ. ದನ ನಡೆದ ದಾರಿಯಲ್ಲೇ ಹೋಗಿ. ಗೋಡು ತೆಗೆದ ಗುಂಡಿಗಳು ನೀರಿನಡಿ ಇದ್ದರೆ ಮೇಲೆ ನಿಂತವರಿಗೆ ಗೊತ್ತಾಗುವುದಿಲ್ಲ. ಮಗನನ್ನು ಕರೆದುಕೊಂಡು ಹೋಗುವ ಮೊದಲು ಊರಿನ ಕುರಿ ಕಾಯುವವರನ್ನು ಕೇಳಿ.

ಮಾವನವರ ಗಾಳಕ್ಕೆ ಬರೋಣ. ಹೌದು, ಕೇಳಬೇಕು. ಜಲಾಶಯದ ಮೀನು ಯಾರದೂ ಅಲ್ಲ ಅಂದುಕೊಂಡವರೇ ಜಾಸ್ತಿ. ಮೀನುಗಾರಿಕೆ ಇಲಾಖೆಯಲ್ಲಿದ್ದಾಗ ಬಿತ್ತನೆ ಮರಿ ಹೊತ್ತು ಕೆರೆಯಿಂದ ಕೆರೆಗೆ ತಿರುಗಿದವನು ನಾನು, ನನಗೆ ಆ ಮಾತು ಉರಿಸುತ್ತದೆ. ಮೀನು ಹಿಡಿಯುವ ಹಕ್ಕನ್ನು ಇಲಾಖೆ ಗುತ್ತಿಗೆಗೋ ಲೈಸೆನ್ಸಿಗೋ ಕೊಟ್ಟಿರುತ್ತದೆ. ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ದಡದಲ್ಲಿ ಬಲೆ ಒಣಗಿಸುತ್ತಿರುವವರನ್ನೂ ಒಂದು ಮಾತು ಕೇಳಿ. ಕೇಳಿದವರಿಗೆ ಜಾಗವನ್ನೂ ಅವರೇ ತೋರಿಸುತ್ತಾರೆ.

ಚಳಿಗಾಲದ ಬೆಳಿಗ್ಗೆ ಮೀನು ಮಂಕು. ಬಿಸಿಲೇರಿ ಅಂಚಿನ ನೀರು ಬೆಚ್ಚಗಾಗಲಿ, ಒಂಬತ್ತರ ಮೇಲೆ ಗಾಳ ಬಿಡಿ. ಕಾಟ್ಲಾ ಮೇಲ್ನೀರಿನಲ್ಲಿ ತಿನ್ನುತ್ತದೆ, ರೋಹು ನಡುವಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಕೆಸರು ಕೆದಕುತ್ತವೆ. ಬೆಂಡನ್ನು ಅದಕ್ಕೆ ತಕ್ಕ ಹಾಗೆ ಜರುಗಿಸಿಕೊಳ್ಳಬೇಕು. ಎರೆಗೆ ಅಂಗಡಿಯ ಬಣ್ಣದ ಉಂಡೆ ಬೇಕಿಲ್ಲ. ರಾಗಿಮುದ್ದೆಗೆ ಕಡಲೆಕಾಯಿ ಹಿಂಡಿ ಕಲಸಿ ಗಟ್ಟಿಯಾಗಿ ನಾದಿ. ಜಿಲೇಬಿ ಮೀನಿಗೆ ಎರೆಹುಳು. ಸಿಡಿಮದ್ದು, ವಿಷ ಹಾಕಿ ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ, ಹಾಗೆ ಮಾಡುವವರನ್ನು ಕಂಡರೆ ಸುಮ್ಮನಿರಬೇಡಿ. ಮುರಿದ ತಂಗೂಸಿ ದಾರವನ್ನು ಜೇಬಿಗೆ ಹಾಕಿಕೊಂಡು ಬನ್ನಿ, ಬೆಳ್ಳಕ್ಕಿಯ ಕಾಲಿಗೆ ಸುತ್ತಿಕೊಂಡರೆ ಅದರ ಕತೆ ಮುಗಿಯಿತು.

ಪ್ರಶ್ನೆ: ಚಿಕ್ಕಬಳ್ಳಾಪುರದ ಶ್ರೀನಿವಾಸ ಸಾಗರ ಅಣೆಕಟ್ಟಿನ ಗೋಡೆ ಹತ್ತುವ ವಿಡಿಯೋ ನೋಡಿದೆವು. ನಾವೂ ಸ್ನೇಹಿತರು ಹೋಗಬಹುದೆ?
– ಕಾಲೇಜು ವಿದ್ಯಾರ್ಥಿ, ಗೌರಿಬಿದನೂರು

ಉತ್ತರ: ಹೋಗಿ, ಕೆಳಗೆ ದೂರ ನಿಂತು ನೋಡಿ, ಬನ್ನಿ. ಹತ್ತುವುದು ಬೇಡ. ಕೋಡಿ ಬಿದ್ದಾಗ ನೀರು ಹರಿಯುವ ಕಲ್ಲಿಗೆ ಪಾಚಿ ಹಿಡಿದಿರುತ್ತದೆ. ಬಿದ್ದವರ ವಿಡಿಯೋ ಕೂಡ ಇದೆಯಪ್ಪ, ಅದನ್ನೂ ನೋಡು.

ಪ್ರಶ್ನೆ: ಮಧುಗಿರಿ ಕಡೆ ದೊಡ್ಡ ಜಲಾಶಯವೇ ಇಲ್ಲ. ಹತ್ತಿರದಲ್ಲಿ ವನ್ಯಜೀವಿ ನೋಡಲು ಏನಿದೆ?
– ಓದುಗರು, ಮಧುಗಿರಿ

ಉತ್ತರ: ಮನೆ ಬಾಗಿಲಲ್ಲಿ ಮೈದನಹಳ್ಳಿ ಇದೆಯಲ್ಲ ಸ್ವಾಮಿ! 798 ಎಕರೆ ಹುಲ್ಲುಗಾವಲು, 2007ರಲ್ಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಅರಣ್ಯ ಇಲಾಖೆಯವರನ್ನು ಕೇಳಿಕೊಂಡು ಹೋಗಿ, ಜಿಂಕೆಯ ಹಿಂದೆ ಬೈಕ್ ಓಡಿಸಬೇಡಿ. ನೀರಿನ ಹಕ್ಕಿಯೇ ಬೇಕೆಂದರೆ ಶಿರಾ ತಾಲ್ಲೂಕಿನ ಕಗ್ಗಲಡು. ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ, ಊರವರು ಮನೆಮಕ್ಕಳಂತೆ ಕಾಯುತ್ತಾರೆ. ಮಾರ್ಚ್ ಹೊತ್ತಿಗೆ ಹೋದರೆ ಮರಿಗಳ ಗಲಾಟೆ ಕೇಳಬಹುದು. ಹುಣಸೆಮರದ ನೆರಳಿದೆ ಅಂತ ಅದರಡಿ ಕಾರು ನಿಲ್ಲಿಸಬೇಡಿ, ಮೀನು ತಿಂದ ಹಕ್ಕಿಯ ಹಿಕ್ಕೆ ತೊಳೆದರೂ ವಾಸನೆ ಬಿಡುವುದಿಲ್ಲ.