ಟಿವಿ ಬದಲು ವಿಆರ್ ಹೆಡ್‌ಸೆಟ್ ತಗೊಳ್ಳಬಹುದಾ?

ಹಳೆ ಟಿವಿ ಕೆಟ್ಟಿದೆ, ಹೊಸದರ ಬದಲು ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಅಂದರೆ ಕಣ್ಣಿಗೆ ಕಟ್ಟಿಕೊಂಡು ಸುತ್ತಲೂ ಚಿತ್ರ ನೋಡುವ ಸಾಧನ ತಗೊಂಡರೆ ಹೇಗೆ, ಮುಂದೆ ಎಲ್ಲರ ಮನೆಗೂ ಅದೇ ಬರುತ್ತಲ್ವಾ ಅಂತ ಕೇಳಿದ್ದೀರಿ. ಟಿವಿನೇ ತಗೊಳ್ಳಿ. ವಿಆರ್ ಉಳಿಯುತ್ತೆ, ಆದರೆ ಪಡಸಾಲೆಯ ಟಿವಿಯನ್ನು ಜಾಗದಿಂದ ಎಬ್ಬಿಸುವುದಿಲ್ಲ ಅನ್ನೋದು ನನ್ನ ಲೆಕ್ಕ.

ಬಾಗಲಕೋಟೆಯ ನವನಗರದಲ್ಲಿ ನಮ್ಮದು ಟಿವಿ, ಫ್ರಿಜ್ ಅಂಗಡಿ. 2010ರ ನಂತರ ತ್ರೀಡಿ ಟಿವಿ ಬಂದಾಗಲೂ ಇದೇ ಮಾತು ಕೇಳಿದ್ದೆ. ಗಿರಾಕಿಗಳು ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡು ಬಾಯಿ ಬಿಟ್ಟು ನೋಡುತ್ತಿದ್ದರು. ಮನೆಗೆ ಒಯ್ದ ಮೇಲೆ ಅದೇ ಕನ್ನಡಕ ಕಪಾಟು ಸೇರುತ್ತಿತ್ತು. ಐದಾರು ಜನರ ಮನೆಗೆ ಎರಡು ಕನ್ನಡಕ ಕೊಟ್ಟರೆ ಇನ್ನೇನಾಗುತ್ತೆ? 2017ರ ಹೊತ್ತಿಗೆ ಸೋನಿ, ಎಲ್‌ಜಿ ಕೂಡ ಕೈಬಿಟ್ಟವು.

ವಿಆರ್ ಅದಕ್ಕಿಂತ ಗಟ್ಟಿ ಸರಕು, ಒಪ್ಪುತ್ತೇನೆ. 2014ರಲ್ಲಿ ಫೇಸ್‌ಬುಕ್ ಸುಮಾರು 200 ಕೋಟಿ ಡಾಲರ್ ಕೊಟ್ಟು ವಿಆರ್ ಹೆಡ್‌ಸೆಟ್ ಮಾಡುವ ಆಕ್ಯುಲಸ್ ಕಂಪನಿಯನ್ನು ಕೊಂಡಿತು. 2020ರಲ್ಲಿ ಅವರದೇ ಕ್ವೆಸ್ಟ್ 2 ಹೆಡ್‌ಸೆಟ್ ಬಂದಾಗ ಅಮೆರಿಕದಲ್ಲಿ ಬೆಲೆ 299 ಡಾಲರ್ ಇತ್ತು, ಕಂಪ್ಯೂಟರೂ ಬೇಡ, ವೈರೂ ಬೇಡ. ಚೆನ್ನಾಗಿಯೇ ಮಾರಾಟವಾಯಿತು. 2024ರಲ್ಲಿ ಬಂದ ಆ್ಯಪಲ್ ಕಂಪನಿಯ ಹೆಡ್‌ಸೆಟ್ ವಿಷನ್ ಪ್ರೊ ಬೆಲೆ 3,499 ಡಾಲರ್. ಚಿತ್ರ ಕನ್ನಡಿಯಷ್ಟು ಸ್ವಚ್ಛ, ಆದರೆ ಬ್ಯಾಟರಿ ಎರಡು ಗಂಟೆಯ ಆಸುಪಾಸು. ನಮ್ಮ ಸಿನಿಮಾಗಳೇ ಎರಡೂವರೆ ಗಂಟೆ ಇರುತ್ತವಲ್ಲ! ಮೇಲೆ ಅರ್ಧ ಕೆಜಿಗಿಂತ ಜಾಸ್ತಿ ಭಾರ ಮುಖದ ಮೇಲೆ.

ಅಕ್ಕನ ಮಗ ಬೆಂಗಳೂರಿನಿಂದ ಬರುವಾಗ ತನ್ನ ಕ್ವೆಸ್ಟ್ ತಂದಿದ್ದ. ಆಟ ಆಡೋಕೆ ಭಾರೀ ಮಜಾ, ಸುಳ್ಳು ಹೇಳಲ್ಲ. ಆದರೆ ಅದು ಏಪ್ರಿಲ್ ತಿಂಗಳು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ಹಣೆಗೆ ತಾಗುವ ಸ್ಪಂಜು ಸ್ವಲ್ಪ ಹೊತ್ತಿಗೇ ಬೆವರಿಗೆ ತೊಯ್ದು, ಲೆನ್ಸಿನ ಮೇಲೆ ಆವಿ ಕೂತಿತು. ವೈನಿ ಅದನ್ನು ಸೆರಗಿನಿಂದ ಒರೆಸಿ ಹಾಕಿಕೊಂಡರು. ರೋಲರ್ ಕೋಸ್ಟರ್ ಇಳಿಯೋಕೆ ಶುರುವಾದದ್ದೇ ತಡ, "ಯವ್ವಾ, ತಲಿ ತಿರಗಾಕತ್ತೈತಿ, ತಗೀರಿ ಇದನ್ನ" ಅಂತ ನೆಲಕ್ಕೆ ಕೂತುಬಿಟ್ಟರು. ಕಣ್ಣು ಓಡುತ್ತಿದ್ದೇವೆ ಅನ್ನುತ್ತೆ, ಒಳಗಿವಿ ಇಲ್ಲ, ಇದ್ದಲ್ಲೇ ಇದ್ದೇವೆ ಅನ್ನುತ್ತೆ. ತಲೆಸುತ್ತು ಬರೋದು ಅದಕ್ಕೇ. ಇನ್ನೊಂದು, ಈ ಲೆನ್ಸುಗಳ ಫೋಕಸ್ ಒಂದೇ ದೂರಕ್ಕೆ ಇರುತ್ತೆ. ಹತ್ತಿರದ ವಸ್ತು ನೋಡುವಾಗ ಎರಡೂ ಕಣ್ಣು ಒಳಕ್ಕೆ ಹೊರಳುತ್ತವೆ, ಫೋಕಸ್ ಮಾತ್ರ ಅಲ್ಲೇ ನಿಂತಿರುತ್ತೆ. ಹಾಗಾಗಿ ಕಣ್ಣು ದಣಿಯುತ್ತವೆ. ಬೆಲೆ, ಭಾರ ಇವತ್ತಲ್ಲ ನಾಳೆ ಇಳಿಯುತ್ತವೆ. ಇದು ಅಷ್ಟು ಬೇಗ ಬಗೆಹರಿಯುವಂಥದ್ದಲ್ಲ.

ಅದೂ ಬಗೆಹರಿಯಿತು ಅಂದುಕೊಳ್ಳಿ. ನಮ್ಮಲ್ಲಿ ಟಿವಿಯನ್ನು ಯಾರು ಕಣ್ಣು ನೆಟ್ಟು ನೋಡುತ್ತಾರೆ? ಒಳಗೆ ರೊಟ್ಟಿ ಬಡಿಯುವವರು ಬಾಗಿಲಿಂದಲೇ ಸೀರಿಯಲ್ ನೋಡುತ್ತಾರೆ. ಹುಡುಗರು ಮ್ಯಾಚ್ ಹಚ್ಚಿಕೊಂಡು ಊಟ ಮಾಡುತ್ತಾರೆ. ವಿಕೆಟ್ ಬಿದ್ದರೆ ಪಕ್ಕದವನ ತೊಡೆಗೆ ಹೊಡೆಯಬೇಕು. ಹೆಡ್‌ಸೆಟ್ ಹಾಕಿಕೊಂಡವನು ಮನೆಯಲ್ಲಿ ಇದ್ದೂ ಇಲ್ಲದಂತೆ.

ಒಬ್ಬರೇ ಇರುವವರ ಮಾತು ಬೇರೆ. ಹಾಸ್ಟೆಲ್ ರೂಮಿನ ಹುಡುಗ, ಗೇಮಿನ ಹುಚ್ಚು ಇರುವವರು, ಮನೆಯಲ್ಲೇ ವ್ಯಾಯಾಮ ಮಾಡುವವರು, ಇಂಥವರಿಗೆ ಇದು ಗಟ್ಟಿಯಾಗಿ ಉಳಿಯುತ್ತೆ. ಫೋನಿಗೆ ವೈರ್ ಸಿಕ್ಕಿಸಿದರೆ ದೊಡ್ಡ ಪರದೆ ತೋರಿಸುವ ಹಗುರ ಕನ್ನಡಕಗಳೂ ಬಂದಿವೆ. ಸಿನಿಮಾ ನೋಡೋಕೆ ಮುಂದೆ ಓಡುವುದು ಅವೇ ಅನ್ನಿಸುತ್ತೆ.

ಇಷ್ಟಾದರೂ ಬೇಕು ಅಂದರೆ, ಮೊದಲು ಯಾರದಾದರೂ ಇಸಿದುಕೊಂಡು ಒಂದು ಪೂರ್ತಿ ಸಿನಿಮಾ ನೋಡಿ. ಚಷ್ಮಾ ಇದ್ದರೆ ಅದರ ಮೇಲೆ ಕೂರುತ್ತಾ ನೋಡಿಕೊಳ್ಳಿ. ಹೊರದೇಶದಿಂದ ತರಿಸಿದ್ದಾದರೆ ವಾರಂಟಿ ಇಲ್ಲಿ ನಡೆಯುತ್ತಾ ಅಂತ ದುಡ್ಡು ಕೊಡುವ ಮುಂಚೆಯೇ ಕೇಳಿ.