ಓದುಗರ ಪ್ರಶ್ನೋತ್ತರ: ಹಳೆಯ ಹಾರರ್ ಚಿತ್ರಗಳು ಇಂದಿಗೂ ಹೆದರಿಸುವುದು ಹೇಗೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹಾರರ್ ಚಿತ್ರಗಳ ಬಗ್ಗೆ. ಕೇಳಿದವರಲ್ಲಿ ಬರೀ ನೋಡುವವರೂ ಇದ್ದಾರೆ, ಮೊಬೈಲಿನಲ್ಲಿ ಕಿರುಚಿತ್ರ ತೆಗೆಯಲು ಹೊರಟವರೂ ಇದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ. ಕೆಲವು ಕಡೆ ಕಥೆಯ ಗುಟ್ಟು ಬಿಟ್ಟುಕೊಡಬೇಕಾಗಿದೆ. ಚಿತ್ರ ನೋಡಿಲ್ಲದವರು ಆ ಉತ್ತರವನ್ನು ಸದ್ಯಕ್ಕೆ ದಾಟಿಕೊಂಡು ಹೋಗಿ.

ಕಪ್ಪು-ಬಿಳುಪು ಚಿತ್ರಗಳಲ್ಲಿ ರಕ್ತವಿಲ್ಲ, ಗ್ರಾಫಿಕ್ಸ್ ಇಲ್ಲ, ದೆವ್ವವೂ ಸರಿಯಾಗಿ ಕಾಣುವುದಿಲ್ಲ. ಆದರೂ ಮೈ ಜುಮ್ಮೆನ್ನುತ್ತದಲ್ಲ, ಯಾಕೆ? (ಮೈಸೂರು)

ದೆವ್ವ ಸರಿಯಾಗಿ ಕಾಣದಿರುವುದೇ ಅದಕ್ಕೆ ಮುಖ್ಯ ಕಾರಣ. ಏನನ್ನು, ಎಷ್ಟು ಹೊತ್ತು ಮುಚ್ಚಿಡಬೇಕು ಎಂಬ ಲೆಕ್ಕ ಆ ನಿರ್ದೇಶಕರಿಗೆ ಗೊತ್ತಿತ್ತು. 1942ರ ‘ಕ್ಯಾಟ್ ಪೀಪಲ್’ ತೆಗೆದುಕೊಳ್ಳಿ. ಹಾಲಿವುಡ್ಡಿನ ಆರ್‌ಕೆಒ ಸ್ಟುಡಿಯೋ, ನಿರ್ಮಾಪಕ ವಾಲ್ ಲ್ಯೂಟನ್, ನಿರ್ದೇಶಕ ಜಾಕ್ ಟರ್ನರ್. ಕೈಯಲ್ಲಿದ್ದ ಹಣ ಕಮ್ಮಿ. ಹೆಣ್ಣೊಬ್ಬಳು ಕರಿಚಿರತೆಯಾಗುತ್ತಾಳೆ ಎಂಬ ಕಥೆಯನ್ನು ಅವರು ನೆರಳು ಮತ್ತು ಸದ್ದಿನಲ್ಲೇ ಹೇಳಿದರು.

ಅದರಲ್ಲಿ ರಾತ್ರಿ ಪಾರ್ಕಿನ ಗೋಡೆಯ ಪಕ್ಕದಲ್ಲಿ ಆಲಿಸ್ ಎಂಬಾಕೆ ಒಬ್ಬಳೇ ನಡೆದುಹೋಗುವ ದೃಶ್ಯವಿದೆ. ಹಿಂದೆ ಸ್ವಲ್ಪ ದೂರದಲ್ಲಿ ಆ ಚಿರತೆಯಾಗುವ ಹೆಣ್ಣು ಇರೀನಾ. ಹಿನ್ನೆಲೆ ಸಂಗೀತ ಇಲ್ಲ. ಇಬ್ಬರ ಹೈಹೀಲ್ಡ್ ಚಪ್ಪಲಿಯ ಟಕ್‌ಟಕ್ ಮಾತ್ರ, ಎರಡು ಬೇರೆ ಬೇರೆ ಲಯದಲ್ಲಿ. ಬೀದಿದೀಪದ ಕೆಳಗೆ ಒಂದಿಷ್ಟು ಬೆಳಕು, ಆಮೇಲೆ ಕತ್ತಲು, ಮತ್ತೆ ಬೆಳಕು. ಒಂದು ಗಳಿಗೆಯಲ್ಲಿ ಹಿಂದಿನ ಹೆಜ್ಜೆ ಸದ್ದು ನಿಂತುಹೋಗುತ್ತದೆ. ಆಲಿಸ್ ತಿರುಗಿ ನೋಡಿದರೆ ಬೀದಿ ಖಾಲಿ. ಅವಳು ಓಡಲು ಶುರುಮಾಡುತ್ತಾಳೆ. ಪ್ರಾಣಿ ಎಲ್ಲಿಂದ ಎರಗುತ್ತದೋ ಎಂದು ನಾವು ಕತ್ತಲಲ್ಲಿ ಹುಡುಕುತ್ತಿರುವಾಗ ಚಿರತೆ ಬುಸುಗುಟ್ಟಿದಂಥ ಸದ್ದು ಕಿವಿಗೆ ಅಪ್ಪಳಿಸುತ್ತದೆ. ನೋಡಿದರೆ ಬಂದು ನಿಂತದ್ದು ಸಿಟಿ ಬಸ್ಸು, ಕೇಳಿಸಿದ್ದು ಅದರ ಬ್ರೇಕು. ಸಂಕಲನಕಾರ ಮಾರ್ಕ್ ರಾಬ್ಸನ್ ಅವರ ಈ ಕೈಚಳಕಕ್ಕೆ ಸಿನಿಮಾ ಮಂದಿ ಇವತ್ತಿಗೂ ‘ಲ್ಯೂಟನ್ ಬಸ್’ ಎನ್ನುತ್ತಾರೆ.

ಇದನ್ನು ಅನುಕರಿಸುವವರು ಬಸ್ಸನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಕೆಲಸ ಮಾಡುವುದು ಅದಕ್ಕೂ ಮುಂಚೆ ನಿಂತುಹೋದ ಹೆಜ್ಜೆ. ಸದ್ದು ಇರುವ ತನಕ ಅಪಾಯ ಎಲ್ಲಿದೆ ಎಂಬುದು ನಮಗೆ ಗೊತ್ತು. ಅದು ನಿಂತ ಮೇಲೆ ಅಪಾಯ ಯಾವ ದಿಕ್ಕಿನಲ್ಲಾದರೂ ಇರಬಹುದು. ಬಸ್ಸು ಬಂದು ನಾವು ಬೆಚ್ಚಿಬಿದ್ದ ಮೇಲೂ ಆ ಪ್ರಶ್ನೆಗೆ ಉತ್ತರ ಸಿಕ್ಕಿರುವುದಿಲ್ಲ.

ಹಗಲು ಬೆಳಕಿನಲ್ಲಿ ದೆವ್ವ ತೋರಿಸಿ ಹೆದರಿಸಲು ಸಾಧ್ಯವೇ? (ಸಾಗರ)

ಖಂಡಿತ ಸಾಧ್ಯ. ಜಾಕ್ ಕ್ಲೇಟನ್ ನಿರ್ದೇಶನದ ‘ದಿ ಇನ್ನೊಸೆಂಟ್ಸ್’ (1961) ನೋಡಿ. ಕೊಳದ ಆಚೆ ದಡದ ಜೊಂಡಿನ ನಡುವೆ ಕಪ್ಪು ಉಡುಪಿನ ಹೆಂಗಸೊಬ್ಬಳು ನಿಂತಿರುತ್ತಾಳೆ. ಹಗಲು ಹೊತ್ತು, ಮುಖ ಸ್ಪಷ್ಟವಿಲ್ಲದಷ್ಟು ದೂರ. ಅವಳು ಅಲುಗಾಡುವುದಿಲ್ಲ, ಸುಮ್ಮನೆ ನಿಂತಿರುತ್ತಾಳೆ. ಮಕ್ಕಳ ಮೇಲ್ವಿಚಾರಕಿಯಾಗಿ ಬಂದ ಡೆಬೊರಾ ಕರ್ ಪಾತ್ರಕ್ಕೆ ಅವಳು ಕಾಣುತ್ತಾಳೆ. ಪಕ್ಕದಲ್ಲೇ ಇರುವ ಹುಡುಗಿ ಮಾತ್ರ ತನ್ನ ಪಾಡಿಗೆ ತಾನಿರುತ್ತಾಳೆ. ಹುಡುಗಿಗೆ ಕಾಣುತ್ತಿಲ್ಲವೋ, ಕಂಡೂ ಕಾಣದಂತಿದ್ದಾಳೋ? ಚಿತ್ರ ಹೇಳುವುದಿಲ್ಲ.

ರಾತ್ರಿಯ ದೃಶ್ಯಗಳಿಗೆ ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಬೇರೆಯೇ ದಾರಿ ಹಿಡಿದರು. ಸಿನಿಮಾಸ್ಕೋಪಿನ ಅಗಲ ಚೌಕಟ್ಟು ಇಂಥ ಕಥೆಗೆ ದೊಡ್ಡದಾಯಿತು ಎನ್ನಿಸಿ, ಎರಡೂ ಅಂಚು ಕಪ್ಪಾಗುವಂತೆ ಬಣ್ಣ ಬಳಿದ ಫಿಲ್ಟರ್‌ಗಳನ್ನು ಲೆನ್ಸಿಗೆ ಹಾಕಿದರು. ನಡುವೆ ಮೇಣದಬತ್ತಿ ಹಿಡಿದ ಹೆಂಗಸು, ಎರಡು ಕಡೆಯೂ ಏನಿದೆಯೋ ತಿಳಿಯದ ಕತ್ತಲು.

‘ಸೈಕೋ’ ಚಿತ್ರದ ಬಾತ್‌ರೂಮ್ ದೃಶ್ಯ ಅಷ್ಟು ಪ್ರಸಿದ್ಧವಾಗಲು ಬರೀ ವೇಗದ ಎಡಿಟಿಂಗ್ ಕಾರಣವೇ? ನಮ್ಮ ಕಾಲೇಜಿನ ಚಿತ್ರದಲ್ಲಿ ಅಷ್ಟೇ ವೇಗವಾಗಿ ಕತ್ತರಿಸಿದರೂ ಪರಿಣಾಮ ಬರಲಿಲ್ಲ. (ಧಾರವಾಡ)

ಬರುವುದೂ ಇಲ್ಲ. ಚಾಕುವಿನ ದಾಳಿ ಪರದೆಯ ಮೇಲೆ ಮುಕ್ಕಾಲು ನಿಮಿಷದಷ್ಟು. ಆ ದೃಶ್ಯದ ಚಿತ್ರೀಕರಣಕ್ಕೆ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಏಳು ದಿನ ಕೊಟ್ಟರು. ರಕ್ತಕ್ಕೆ ಚಾಕೊಲೇಟ್ ಸಿರಪ್, ಇರಿತದ ಸದ್ದಿಗೆ ಕಲ್ಲಂಗಡಿ ಜಾತಿಯ ಹಣ್ಣು. ಮೊದಲು ಹಿಚ್‌ಕಾಕ್ ಅಲ್ಲಿ ಸಂಗೀತವೇ ಬೇಡ ಎಂದಿದ್ದರು. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಆದರೂ ಬರೆದು ಕೇಳಿಸಿದರು, ಹಿಚ್‌ಕಾಕ್ ಒಪ್ಪಿದರು. ಇಡೀ ಚಿತ್ರದ ಸಂಗೀತದಲ್ಲಿರುವುದು ತಂತಿವಾದ್ಯಗಳು ಮಾತ್ರ.

ಆದರೆ ನಿಮ್ಮ ಚಿತ್ರದಲ್ಲಿ ಇಲ್ಲದ್ದು ಬೇರೆಯೇ ಇದೆ. ಅಲ್ಲಿ ಕೊಲೆಯಾಗುವ ಮೇರಿಯನ್ ಹಣ ಕದ್ದು ಓಡಿಬಂದವಳು. ಸ್ನಾನಕ್ಕೆ ಹೋಗುವ ಮುಂಚೆ ಅವಳು ಹಣ ಹಿಂದಿರುಗಿಸುವ ನಿರ್ಧಾರಕ್ಕೆ ಬಂದಿದ್ದಾಳೆ. ನೀರು ಮೈಮೇಲೆ ಬಿದ್ದಾಗ ಮುಖ ಹಗುರಾಗುತ್ತದೆ. ಅವಳ ಕಷ್ಟ ಕಳೆಯಿತು ಎಂದು ನೋಡುವವರು ಮೈ ಸಡಿಲಿಸುವ ಹೊತ್ತಿಗೆ ಅರೆಪಾರದರ್ಶಕ ಪರದೆಯ ಆಚೆ ಬಾಗಿಲು ತೆರೆಯುತ್ತದೆ. ಅವಳಿಗೆ ಅದು ಕಾಣುವುದಿಲ್ಲ, ನಮಗೆ ಕಾಣುತ್ತದೆ. ಆ ಕೆಲವು ಸೆಕೆಂಡು ಕತ್ತರಿ ಆಡುವುದೇ ಇಲ್ಲ. ವೇಗದ ತುಣುಕುಗಳಿಗೆ ಬೆಲೆ ಬರುವುದು ಆ ನಿಧಾನದಿಂದ.

ಕೊಲೆಯ ನಂತರದ ಭಾಗವನ್ನು ಇನ್ನೂ ಗಮನವಿಟ್ಟು ನೋಡಿ. ಅವಳು ತಂಗಿದ್ದ ಮೋಟೆಲ್ ನಡೆಸುವ ನಾರ್ಮನ್ ನೆಲ ಒರೆಸುತ್ತಾನೆ, ಹೆಣವನ್ನು ಕಾರಿನ ಡಿಕ್ಕಿಗೆ ಸಾಗಿಸುತ್ತಾನೆ, ಕಾರನ್ನು ಕೆಸರುಹೊಂಡಕ್ಕೆ ತಳ್ಳುತ್ತಾನೆ. ಹೆಚ್ಚುಕಡಿಮೆ ಮಾತೇ ಇಲ್ಲ. ಮುಳುಗುತ್ತಿದ್ದ ಕಾರು ನಡುವೆ ನಿಂತುಬಿಡುತ್ತದೆ. ‘ಅಯ್ಯೋ, ಮುಳುಗಲಿ’ ಎಂದು ನಮ್ಮ ಮನಸ್ಸು ಕೊಲೆ ಮುಚ್ಚಿಹಾಕುವವನ ಕಡೆಗೆ ವಾಲುತ್ತದೆ. ನಮ್ಮ ಪ್ರಕಾರ ‘ಸೈಕೋ’ದ ನಿಜವಾದ ಭಯ ಇರುವುದು ಇಲ್ಲಿ.

1960ರಲ್ಲಿ ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂದು ಹಿಚ್‌ಕಾಕ್ ಚಿತ್ರಮಂದಿರಗಳಿಗೆ ತಾಕೀತು ಮಾಡಿದ್ದರು. ನಮ್ಮಲ್ಲಿ ವಿದೇಶಿ ಹಾರರ್ ಚಿತ್ರಗಳಿಗೂ ಎಲ್ಲೆಂದರಲ್ಲಿ ಇಂಟರ್ವಲ್ ತುರುಕುತ್ತಾರೆ. ಇಪ್ಪತ್ತು ನಿಮಿಷ ಕಟ್ಟಿದ ಆತಂಕ ಪಾಪ್‌ಕಾರ್ನ್ ಸಾಲಿನಲ್ಲಿ ಕರಗಿಹೋಗುತ್ತದೆ. ಇದು ನಿಲ್ಲಬೇಕು.

‘ಹ್ಯಾಲೊವೀನ್’ ಚಿತ್ರದ ಮುಖವಾಡಕ್ಕೆ ಭಾವನೆಯೇ ಇಲ್ಲ. ಅದು ಹೆದರಿಸುವುದು ಹೇಗೆ? (ಬಳ್ಳಾರಿ)

ಜಾನ್ ಕಾರ್ಪೆಂಟರ್ 1978ರಲ್ಲಿ ತೆಗೆದ ಚಿತ್ರ ಅದು. ಕೊಲೆಗಾರನ ಪಾತ್ರಕ್ಕೆಂದು ಅಂಗಡಿಯಲ್ಲಿ ಸಿಗುತ್ತಿದ್ದ, ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಕ್ಯಾಪ್ಟನ್ ಕರ್ಕ್ ಮುಖವಾಡವನ್ನು ತಂದು, ಹುಬ್ಬು ಕಿತ್ತು, ಕಣ್ಣಿನ ತೂತು ದೊಡ್ಡದು ಮಾಡಿ, ಬಿಳಿ ಬಣ್ಣ ಬಳಿದರು. ಬಿಳಿಯಾಗಿರುವುದರಿಂದ ಸ್ವಲ್ಪ ಬೆಳಕು ಸಾಕು, ಕತ್ತಲಲ್ಲೂ ಹೊಳೆಯುತ್ತದೆ. ನಾಯಕಿ ಲೋರಿ ಅಳುತ್ತಾ ಬಾಗಿಲಿನ ಪಕ್ಕ ಒರಗಿ ನಿಂತಿರುವ ಶಾಟ್ ನೋಡಿ. ಅವಳ ಹಿಂದೆ ಕೋಣೆಯ ಬಾಗಿಲು ಬರೀ ಕಪ್ಪು. ಛಾಯಾಗ್ರಾಹಕ ಡೀನ್ ಕಂಡಿ ಅಲ್ಲೊಂದು ಸಣ್ಣ ದೀಪವನ್ನು ಬೆಳಕು ಏರಿಳಿಸುವ ಡಿಮ್ಮರ್‌ಗೆ ಹಾಕಿ ಮೆಲ್ಲಗೆ ಏರಿಸುತ್ತಾರೆ. ಕಪ್ಪಿನೊಳಗಿಂದ ಮುಖವಾಡ ಮೂಡುತ್ತದೆ. ಯಾರೂ ನಡೆದು ಬರಲಿಲ್ಲ, ಕ್ಯಾಮೆರಾ ಅಲುಗಲಿಲ್ಲ, ಕಟ್ ಇಲ್ಲ. ಹಾಗಾದರೆ ಅವನು ಆಗಲೇ ಅಲ್ಲಿದ್ದ! ಈ ಚಿತ್ರದ ಅತ್ಯುತ್ತಮ ಶಾಟ್ ಇದೇ ಎಂಬುದು ನಮ್ಮ ಅಭಿಪ್ರಾಯ.

ಸಂಗೀತವೂ ಕಾರ್ಪೆಂಟರ್ ಅವರದೇ. ಪಿಯಾನೋ ಐದರ ಎಣಿಕೆಯಲ್ಲಿ ಓಡುತ್ತದೆ. ಖಂಡಛಾಪು ಕೇಳಿ ರೂಢಿಯಿರುವವರು ಕೈತಟ್ಟಿ ಎಣಿಸಿನೋಡಬಹುದು. ಅರ್ಧ ಎಣಿಕೆಗಳಲ್ಲಿ ಅದು 3, 3, 2, 2 ಎಂದು ಒಡೆಯುತ್ತದೆ. ನಾಲ್ಕರ ಎಣಿಕೆಗೆ ಒಗ್ಗಿದ ಕಿವಿಗೆ ಪ್ರತಿ ಸುತ್ತೂ ಎಡವಿದಂತಾಗುತ್ತದೆ.

ನಮ್ಮ ಹತ್ತು ನಿಮಿಷದ ದೆವ್ವದ ಕಿರುಚಿತ್ರಕ್ಕೆ ಭರ್ಜರಿ ಹಿನ್ನೆಲೆ ಸಂಗೀತ ಹಾಕಿದ್ದೇವೆ. ಯಾರೂ ಹೆದರುತ್ತಿಲ್ಲ. (ತುಮಕೂರು, ಕಾರ್ಕಳ ಮತ್ತು ಬೆಂಗಳೂರಿನಿಂದ)

ಮೊದಲು ಸಂಗೀತದ ಟ್ರ್ಯಾಕ್ ಪೂರ್ತಿ ಮ್ಯೂಟ್ ಮಾಡಿ ಚಿತ್ರ ನೋಡಿ. ಆಗ ಏನೂ ಅನ್ನಿಸದಿದ್ದರೆ ತೊಂದರೆ ಶಾಟ್‌ಗಳಲ್ಲಿದೆ, ಸಂಗೀತ ಅದನ್ನು ಮುಚ್ಚಲಾರದು.

ಶಾಟ್ ಸರಿಯಿದ್ದರೆ ಸದ್ದಿನ ಮಟ್ಟ ನೋಡಿ. ಹೊಸಬರು ಮಾತು, ಸಂಗೀತ ಎಲ್ಲವನ್ನೂ ಮೈನಸ್ 3 ಡೆಸಿಬಲ್ (ಎಡಿಟಿಂಗ್ ಆ್ಯಪ್‌ನ ಮೀಟರಿನಲ್ಲಿ ಸೊನ್ನೆಯೇ ಗರಿಷ್ಠ ಮಿತಿ) ತನಕ ಏರಿಸಿಟ್ಟಿರುತ್ತಾರೆ. ಆಮೇಲೆ ಬಾಗಿಲು ಬಡಿದಾಗ ಸದ್ದು ಮೇಲೇರಲು ಜಾಗವೇ ಉಳಿದಿರುವುದಿಲ್ಲ. ಮಾತಿನ ಗರಿಷ್ಠ ಮಟ್ಟ ಮೈನಸ್ 12ರ ಸುತ್ತ ಇರಲಿ. ಮೈನಸ್ 3ರವರೆಗಿನ ಜಾಗವನ್ನು ಇಡೀ ಚಿತ್ರದಲ್ಲಿ ಒಂದೆರಡು ಸದ್ದುಗಳಿಗೆ ಮಾತ್ರ ಮೀಸಲಿಡಿ.

ಚಿತ್ರೀಕರಣದ ಜಾಗದಲ್ಲಿ ಎಲ್ಲರನ್ನೂ ಸುಮ್ಮನಿರಿಸಿ, ಫ್ಯಾನು, ಫ್ರಿಡ್ಜು ಆರಿಸಿ, ಖಾಲಿ ಕೋಣೆಯ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ದೃಶ್ಯದುದ್ದಕ್ಕೂ ಇದನ್ನು ಕೆಳಗೆ ಹಾಸಿ. ಹೆದರಿಸುವ ಕ್ಷಣಕ್ಕೆ ಎರಡು ಮೂರು ಸೆಕೆಂಡು ಮುಂಚೆ ಮೆಲ್ಲಗೆ ತಗ್ಗಿಸಿ, ಪೂರ್ತಿ ಸೊನ್ನೆಗೆ ಇಳಿಸಬೇಡಿ. ಸೊನ್ನೆಯಾದರೆ ಸ್ಪೀಕರ್ ಕೆಟ್ಟಿತೇನೋ ಎಂದು ನೋಡುವವರ ಗಮನ ಕಥೆಯಿಂದ ಹೊರಗೆ ಹೋಗುತ್ತದೆ. ಇನ್ನೊಂದು ವಿಷಯ: ಆಳದ ಗುಂಯ್ ಎನ್ನುವ ಸದ್ದು ಹೆಡ್‌ಫೋನಿನಲ್ಲಿ ಎದೆ ನಡುಗಿಸಿದರೂ ಮೊಬೈಲ್ ಸ್ಪೀಕರಿನಲ್ಲಿ ಹೆಚ್ಚಿನಂಶ ಕೇಳಿಸುವುದೇ ಇಲ್ಲ. ಅದರ ಜೊತೆಗೆ ಮಧ್ಯಮ ಶ್ರುತಿಯ ಸದ್ದೊಂದನ್ನು ಬೆರೆಸಿ.

ಮಾದರಿ ಬೇಕಿದ್ದರೆ ರಾಬರ್ಟ್ ವೈಸ್ ಅವರ ‘ದಿ ಹಾಂಟಿಂಗ್’ (1963) ನೋಡಿ. ವೈಸ್ ನಿರ್ದೇಶಕರಾಗಿ ಬೆಳೆದದ್ದು ಮೇಲೆ ಹೇಳಿದ ಲ್ಯೂಟನ್ ಗರಡಿಯಲ್ಲೇ. ಕೋಣೆಯ ಹೊರಗೆ ಏನೋ ಬಡಿಯುತ್ತಾ ಬರುತ್ತದೆ: ದೂರದಲ್ಲಿ, ಹತ್ತಿರದಲ್ಲಿ, ಬಾಗಿಲಿನ ಆಚೆ. ಒಳಗೆ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದಾರೆ. ಮತ್ತೊಮ್ಮೆ ಮರದ ಬಾಗಿಲೇ ಉಸಿರಾಡಿದಂತೆ ಒಳಕ್ಕೆ ಉಬ್ಬುತ್ತದೆ. ಪದರ ಮರದ ಬಾಗಿಲನ್ನು ಹಿಂದಿನಿಂದ ತಳ್ಳಿ ಮಾಡಿದ್ದು ಅಷ್ಟೇ. ದೆವ್ವವನ್ನು ಇಡೀ ಚಿತ್ರದಲ್ಲಿ ಒಮ್ಮೆಯೂ ತೋರಿಸುವುದಿಲ್ಲ.

ಮೊಬೈಲಿನಲ್ಲಿ ರಾತ್ರಿ ದೃಶ್ಯ ತೆಗೆದರೆ ಚುಕ್ಕೆಚುಕ್ಕೆ ಬರುತ್ತದೆ, ಬಲ್ಬು ಮಿಣುಕಿದಂತೆ ಕಾಣುತ್ತದೆ. (ಚಿಕ್ಕಮಗಳೂರು)

ಎರಡೂ ಬೇರೆ ಬೇರೆ ತೊಂದರೆ. ಮಿಣುಕುವುದು ನಮ್ಮ ವಿದ್ಯುತ್ತಿನ 50 ಹರ್ಟ್ಸ್‌ಗೆ ಶಟರ್ ಹೊಂದದಿರುವುದರಿಂದ. ಮ್ಯಾನುಯಲ್ ಆ್ಯಪ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ ಸೆಕೆಂಡಿನ 1/50ಕ್ಕೆ ಕಟ್ಟಿಹಾಕಿ. ಅಗ್ಗದ ಡಿಮ್ಮರ್ ಹಾಕಿದ ಎಲ್‌ಇಡಿ ಆಮೇಲೂ ಮಿಣುಕಬಹುದು. ಬೆಳಕು ಕಮ್ಮಿ ಮಾಡಲು ಡಿಮ್ಮರ್ ಬದಲು ದೀಪವನ್ನು ದೂರ ಸರಿಸಿ: ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕಿಳಿಯುತ್ತದೆ.

ಚುಕ್ಕೆ ಬರುವುದು ಬೆಳಕು ಸಾಲದೆ ಫೋನು ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸುವುದರಿಂದ. ಕತ್ತಲು ತೋರಿಸಲೂ ಬೆಳಕು ಬೇಕು. ಪಾತ್ರದ ಹಿಂದಿನ ಗೋಡೆಗೋ ಬಾಗಿಲಿಗೋ ಬೆಳಕು ಬಿಡಿ, ಮುಖ ಅರೆಗತ್ತಲಲ್ಲಿರಲಿ. ಎಕ್ಸ್‌ಪೋಶರ್ ಲಾಕ್ ಮಾಡುವುದನ್ನು ಮರೆಯಬೇಡಿ. ಆಟೋದಲ್ಲಿಟ್ಟರೆ ಪಾತ್ರ ದೀಪ ಆರಿಸಿದ ಎರಡೇ ಕ್ಷಣದಲ್ಲಿ ಫೋನು ತಾನೇ ಕೋಣೆಯನ್ನು ಬೆಳಗಿಸಿ, ಮೂಲೆಯಲ್ಲಿ ಅಡಗಿಸಿಟ್ಟ ದೆವ್ವವನ್ನು ತೋರಿಸಿಬಿಡುತ್ತದೆ.

ಕನ್ನಡದ ಚಿತ್ರಗಳಲ್ಲಿ ಯಾವುದನ್ನು ಹೀಗೆ ಕೂತು ಗಮನಿಸಬಹುದು? (ಹುಬ್ಬಳ್ಳಿ)

‘ನಾ ನಿನ್ನ ಬಿಡಲಾರೆ’ (1979). ಪ್ರೇತ ಹಿಡಿಯುವುದು ನಾಯಕನನ್ನೇ. ಮೇಕಪ್ಪಿಗಿಂತ ಅನಂತ್ ನಾಗ್ ಅವರ ನೋಟ, ಮೈಬಿಗಿತ ಬದಲಾಗುವುದನ್ನು ಗಮನಿಸಿ. ಆಮೇಲೆ ‘ಆಪ್ತಮಿತ್ರ’ (2004). 1993ರ ಮಲಯಾಳಂ ‘ಮಣಿಚಿತ್ರತ್ತಾಳ್’ ಕಥೆಯ ಕನ್ನಡ ರೂಪ. ಬೀಗ ಹಾಕಿದ ಕೋಣೆ, ಅದನ್ನು ತೆರೆಯಬೇಡಿ ಎಂಬ ಮಾತು ಇಷ್ಟೇ ಸಾಕಾಗುತ್ತದೆ ಅಲ್ಲಿ.

ಮನೆಯ ಟಿವಿಯಲ್ಲಿ ನೋಡಿದರೆ ಅಷ್ಟು ಭಯವಾಗುವುದಿಲ್ಲ. ಸೆಟ್ಟಿಂಗ್ ಏನಾದರೂ ಬದಲಿಸಬೇಕೆ? ಯಾವುದರಿಂದ ಶುರುಮಾಡಲಿ? (ಶಿವಮೊಗ್ಗ)

ಪಿಕ್ಚರ್ ಮೋಡ್ ‘ಸಿನಿಮಾ’ಗೆ ಹಾಕಿ, ಚಲನೆಯನ್ನು ನುಣುಪು ಮಾಡುವ ಮೋಷನ್ ಸೌಲಭ್ಯವನ್ನು ಆಫ್ ಮಾಡಿ. ಅದು ಆನ್ ಇದ್ದರೆ ಹಳೆಯ ಚಿತ್ರವೂ ಧಾರಾವಾಹಿಯಂತೆ ಕಾಣುತ್ತದೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಝೂಮ್ ಮಾಡಬೇಡಿ. ‘ಹ್ಯಾಲೊವೀನ್’ ಅಗಲ ಚೌಕಟ್ಟಿನ ಚಿತ್ರ, ಝೂಮ್ ಮಾಡಿದರೆ ಅಂಚಿನಲ್ಲಿ ನಿಂತ ಕೊಲೆಗಾರನೇ ಕತ್ತರಿಸಿಹೋಗಬಹುದು. ಆಡಿಯೋದಲ್ಲಿ ‘ನೈಟ್ ಮೋಡ್’ ಬೇಡ, ಅದು ಪಿಸುಮಾತನ್ನೂ ಕಿರುಚಾಟವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಸಬ್‌ಟೈಟಲ್ ಬೇಕಿದ್ದರೆ ಮಾತು ಮಾತ್ರ ತೋರಿಸುವುದನ್ನು ಆರಿಸಿ. ಕಿವಿ ಕೇಳದವರಿಗಾಗಿ ಮಾಡಿದ್ದರಲ್ಲಿ ಸದ್ದುಗಳ ವಿವರವೂ ಇರುತ್ತದೆ. ಬಾಗಿಲು ಕಿರ್ರೆನ್ನುವ ಮೊದಲೇ ಆ ಸಾಲು ಪರದೆ ಮೇಲೆ ಬಂದುಬಿಡುವುದುಂಟು.

ಮೊದಲ ರಾತ್ರಿಗೆ ‘ಕ್ಯಾಟ್ ಪೀಪಲ್’ ಇರಲಿ, ಒಂದೂಕಾಲು ಗಂಟೆಯೊಳಗೆ ಮುಗಿಯುತ್ತದೆ. ‘ದಿ ಹಾಂಟಿಂಗ್’ ಅದರ ಬೆನ್ನಿಗೇ ಬರಲಿ, ಗುರುವಿನ ಪಾಠ ಶಿಷ್ಯನಲ್ಲಿ ಬೆಳೆದದ್ದು ಕಾಣುತ್ತದೆ. ‘ಸೈಕೋ’ ಮತ್ತು ‘ಹ್ಯಾಲೊವೀನ್’ ಎರಡನ್ನೂ ಒಂದೇ ವಾರದಲ್ಲಿ ನೋಡಿ: ಮೇರಿಯನ್ ಪಾತ್ರದ ಜಾನೆಟ್ ಲೀ ಅವರ ಮಗಳೇ ಲೋರಿ ಪಾತ್ರದ ಜೇಮಿ ಲೀ ಕರ್ಟಿಸ್. ‘ದಿ ಇನ್ನೊಸೆಂಟ್ಸ್’ ಕೊನೆಗಿಟ್ಟುಕೊಳ್ಳಿ, ಅದಕ್ಕೆ ತಾಳ್ಮೆ ಬೇಕು, ಫೋನು ಬೇರೆ ಕೋಣೆಯಲ್ಲಿರಬೇಕು.